ಎರಡು ತುಂಬುತ್ತಿರುವ ಮಗುವಿಗೆ ಮುಂದಿನ ಕಾರ್ ಸೀಟ್ ಯಾವುದು? ತೀರ್ಥಹಳ್ಳಿ–ಶಿವಮೊಗ್ಗ, ಘಾಟಿ ಓಡಾಟ

ಕುಶಾವತಿ_ದಡ (ತೀರ್ಥಹಳ್ಳಿ)

ಮಗಳಿಗೆ 22 ತಿಂಗಳು, 11.4 ಕೆಜಿ, 84 ಸೆಂ.ಮೀ. ಈಗಿರೋದು ಹಿಡಿಕೆ ಇರೋ ಬುಟ್ಟಿ ಥರದ ಸೀಟು. ಲೇಬಲ್ ಮೇಲೆ 13 ಕೆಜಿ ತನಕ ಅಂತಿದೆ, ಆದರೆ ನೆತ್ತಿ ಆಗಲೇ ಸೀಟಿನ ಅಂಚಿಗೆ ಬಂದಿದೆ. ಕಾರು 2019ರ ಸಣ್ಣ ಹ್ಯಾಚ್‌ಬ್ಯಾಕ್. ವಾರಕ್ಕೆರಡು ಸಲ ಶಿವಮೊಗ್ಗ, ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿ.

ಇನ್ನು ಮುಂದಕ್ಕೆ ಮುಖ ಮಾಡಿ ಕೂರಿಸಬಹುದಾ? ಕಾರಿನ ಕಂಬಿಗೆ ನೇರ ಕಚ್ಚೋ ಐಸೊಫಿಕ್ಸ್ ಸೀಟೇ ಬೇಕಾ, ಬೆಲ್ಟ್ ಹಾಕಿ ಕಟ್ಟೋದು ಸಾಕಾ? ಅಮೆರಿಕದಲ್ಲಿರೋ ಸಂಬಂಧಿಕರು ಡಿಸೆಂಬರ್‌ನಲ್ಲಿ ಬರುವಾಗ ಒಂದು ಸೀಟು ತರ್ತೀನಿ ಅಂತಿದ್ದಾರೆ, ತರಿಸಲಾ? ಅತ್ತೆಯವರು "ಮಡಿಲಲ್ಲಿ ಕೂರಿಸ್ಕೊಂಡ್ರೆ ಆಯ್ತಲ್ಲ" ಅಂತಾರೆ. ಅವರಿಗೆ ಅರ್ಥ ಆಗೋ ಹಾಗೆ ಹೇಗೆ ಹೇಳೋದು?

ಇಕ್ಕೇರಿ_ಮನೆ (ಸಾಗರ)

ಮೊದಲು ಆ ಬುಟ್ಟಿ ಸೀಟಿನ ವಿಷಯ. ತೂಕ, ಎತ್ತರ ಎರಡರಲ್ಲಿ ಯಾವುದು ಮೊದಲು ಮುಗೀತೋ ಅಲ್ಲಿಗೆ ಸೀಟು ಮುಗೀತು. ನೆತ್ತಿ ಚಿಪ್ಪಿನ (ಸೀಟಿನ ಗಟ್ಟಿ ಪ್ಲಾಸ್ಟಿಕ್ ಮೈಯ) ಮೇಲಂಚಿಗೆ ಸಮ ಬಂದಿದ್ರೆ 13 ಕೆಜಿ ಆಗಲಿ ಅಂತ ಕಾಯಬೇಡಿ. ಮುಂದಿನಿಂದ ಹೊಡೆತ ಬಿದ್ದಾಗ ಮಗು ಬೆನ್ನಿನ ಗುಂಟ ಸ್ವಲ್ಪ ಮೇಲಕ್ಕೆ ಜಾರುತ್ತೆ. ಆಗ ತಲೆಗೆ ಚಿಪ್ಪಿನ ಆಸರೆ ಇರಲ್ಲ.

ಆದರೆ ಬುಟ್ಟಿ ಸೀಟು ಮುಗೀತು ಅಂದ ಮಾತ್ರಕ್ಕೆ ಹಿಂದಕ್ಕೆ ಮುಖ ಮಾಡಿ ಕೂರೋ ಕಾಲ ಮುಗೀತು ಅಂತಲ್ಲ. ಹೆಚ್ಚಿನವರು ಎಡವೋದು ಇಲ್ಲೇ. ಮುಂದಿನ ಸೀಟು ಅಂದ್ರೆ ಮುಂದಕ್ಕೆ ತಿರುಗಿದ ಸೀಟು ಅಂದ್ಕೊಳ್ತಾರೆ. ನಿಮಗೆ ಬೇಕಿರೋದು ದೊಡ್ಡ ಚಿಪ್ಪಿನ, ಇನ್ನೂ ಎರಡು ವರ್ಷ ಹಿಮ್ಮುಖವಾಗಿ ಕೂರಿಸಬಲ್ಲ ಸೀಟು.

ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನೋಡಬೇಕಾದ್ದು ಸೀಟಿನ ಹಿಂದಿರೋ ಕಿತ್ತಳೆ ಬಣ್ಣದ ಲೇಬಲ್. ಅದರ ಮೇಲೆ ಮಕ್ಕಳ ಸೀಟಿನ ಸುರಕ್ಷತೆಗೆ ವಿಶ್ವಸಂಸ್ಥೆ ಮಾಡಿದ ಮಾನದಂಡದ ಹೆಸರಿರುತ್ತೆ. ಎರಡು ಥರ ಸಿಗುತ್ತೆ:

ಆರ್44/04: ಇದು ತೂಕದ ಲೆಕ್ಕ. ಗುಂಪು 0+ ಅಂದ್ರೆ 13 ಕೆಜಿ ತನಕ, ಗುಂಪು 1 ಅಂದ್ರೆ 9ರಿಂದ 18, ಗುಂಪು 2 ಅಂದ್ರೆ 15ರಿಂದ 25, ಗುಂಪು 3 ಅಂದ್ರೆ 22ರಿಂದ 36 ಕೆಜಿ. ನಮ್ಮ ದೇಶದ ಎಐಎಸ್ 072 ಮಾನದಂಡವೂ ಇದೇ ಅಚ್ಚಿನದು.

ಆರ್129: ಇದು ಎತ್ತರದ ಲೆಕ್ಕ, 2013ರಲ್ಲಿ ಜಾರಿಗೆ ಬಂದದ್ದು. ಪಕ್ಕದಿಂದ ಬೀಳೋ ಹೊಡೆತದ ಪರೀಕ್ಷೆ ಇದರಲ್ಲಿ ಕಡ್ಡಾಯ, ಆರ್44ರಲ್ಲಿ ಇರಲಿಲ್ಲ. 15 ತಿಂಗಳ ಒಳಗೆ ಮುಂದಕ್ಕೆ ತಿರುಗಿಸೋ ಹಾಗೇ ಇಲ್ಲ. ಯುರೋಪಿನಲ್ಲಿ 2024ರ ಸೆಪ್ಟೆಂಬರ್‌ನಿಂದ ಆರ್44 ಸೀಟುಗಳ ಮಾರಾಟವೇ ನಿಂತಿದೆ.

ಆರ್44ರ "0+/1/2/3 ಎಲ್ಲ ಒಂದರಲ್ಲೇ" ಅಂತ ಮಾರೋ ಸೀಟುಗಳಲ್ಲಿ ಒಂದು ಸೂಕ್ಷ್ಮ ಇದೆ. 36 ಕೆಜಿ ಅಂತ ದೊಡ್ಡದಾಗಿ ಬರೆದಿರುತ್ತೆ. ಒಳಗೆ ಓದಿದ್ರೆ ಬಹಳಷ್ಟರಲ್ಲಿ ಹಿಮ್ಮುಖ 13 ಕೆಜಿಗೇ ಮುಗಿಯುತ್ತೆ, ಐದು ಪಟ್ಟಿಯ ಬೆಲ್ಟು 18 ಕೆಜಿಗೆ ಮುಗಿಯುತ್ತೆ. ನಿಮ್ಮ ಮಗಳು 11.4 ಇದ್ದಾಳೆ, ಅಂಥ ಸೀಟು ತಗೊಂಡ್ರೆ ಒಂದು ವರ್ಷದೊಳಗೆ ಮುಂದಕ್ಕೆ ತಿರುಗಿಸಬೇಕಾಗುತ್ತೆ. "ಹಿಮ್ಮುಖ 61–105 ಸೆಂ.ಮೀ." ಅಥವಾ "ಹಿಮ್ಮುಖ 18 ಕೆಜಿ ತನಕ" ಅನ್ನೋ ಸಾಲು ಹುಡುಕಿ. 105 ಸೆಂ.ಮೀ. ಅಂದ್ರೆ ನಾಲ್ಕು ವರ್ಷದ ಆಸುಪಾಸು.

ಮಕ್ಕಳ_ವಾರ್ಡ್ (ಶಿವಮೊಗ್ಗ)

ಮುಂದಕ್ಕೆ ತಿರುಗಿಸುವ ಪ್ರಶ್ನೆಗೆ ನನ್ನ ಉತ್ತರ: ಈಗ ಬೇಡ.

ಎರಡು ವರ್ಷದ ಮಗುವಿನ ತಲೆ ಮೈಯುದ್ದದ ಸುಮಾರು ಐದನೇ ಒಂದು ಭಾಗ. ದೊಡ್ಡವರದ್ದು ಎಂಟನೇ ಒಂದು. ಕತ್ತಿನ ಒಂದೊಂದು ಮಣಿಮೂಳೆಯೂ ಈ ವಯಸ್ಸಿನಲ್ಲಿ ಒಂದೇ ಮೂಳೆಯಾಗಿರುವುದಿಲ್ಲ. ತುಂಡುಗಳ ನಡುವೆ ಮೃದ್ವಸ್ಥಿ ಇರುತ್ತದೆ. ಅವು ಕೂಡಿಕೊಳ್ಳುವುದು ಹೆಚ್ಚಾಗಿ 3ರಿಂದ 6 ವರ್ಷದ ನಡುವೆ. ಮುಂದಕ್ಕೆ ಮುಖ ಮಾಡಿ ಕೂತ ಮಗುವಿನ ಎದೆಯನ್ನು ಪಟ್ಟಿ ಹಿಡಿಯುತ್ತದೆ, ತಲೆಯನ್ನು ಯಾವುದೂ ಹಿಡಿಯುವುದಿಲ್ಲ. ಆ ತಲೆಯ ಭಾರವನ್ನೆಲ್ಲ ಕತ್ತೇ ಎಳೆದು ನಿಲ್ಲಿಸಬೇಕು. ಹಿಂದಕ್ಕೆ ಮುಖ ಮಾಡಿದ್ದರೆ ಬೆನ್ನು, ಕತ್ತು, ತಲೆ ಮೂರೂ ಒಟ್ಟಿಗೆ ಚಿಪ್ಪಿಗೆ ಒತ್ತಿಕೊಳ್ಳುತ್ತವೆ.

ಅಮೆರಿಕದ ಮಕ್ಕಳ ವೈದ್ಯರ ಸಂಘ ಮೊದಲು "ಎರಡು ವರ್ಷದ ತನಕ" ಎನ್ನುತ್ತಿತ್ತು. 2018ರಲ್ಲಿ ವಯಸ್ಸನ್ನೇ ತೆಗೆದು "ಆ ಸೀಟಿನ ತೂಕ ಅಥವಾ ಎತ್ತರದ ಮಿತಿ ಮುಟ್ಟುವ ತನಕ" ಎಂದು ಬದಲಿಸಿತು. ಸ್ವೀಡನ್ನಿನಲ್ಲಿ ನಾಲ್ಕು ವರ್ಷದ ತನಕ ಹಿಮ್ಮುಖ ಕೂರಿಸುವುದು ರೂಢಿ.

ಕಾಲು ಮಡಚಿಕೊಳ್ಳುತ್ತದೆ, ನೋವಾಗುತ್ತದೆ ಎಂದು ಬಹಳ ತಾಯಂದಿರು ಕೇಳುತ್ತಾರೆ. ಈ ವಯಸ್ಸಿನ ಮಕ್ಕಳು ನೆಲದ ಮೇಲೆ ಹೇಗೆ ಕೂರುತ್ತಾರೆ ನೋಡಿ: ಚಕ್ಕಳಮಕ್ಕಳ, ಇಲ್ಲವೇ ಕಪ್ಪೆಯ ಹಾಗೆ. ಸೀಟಿನಲ್ಲೂ ಹಾಗೇ ಕೂರುತ್ತಾರೆ. ಕಾಲು ಕಾರಿನ ಸೀಟಿನ ಬೆನ್ನಿಗೆ ತಾಗುವುದು ಸೀಟು ಚಿಕ್ಕದಾಯಿತು ಎನ್ನುವುದರ ಗುರುತಲ್ಲ.

ಬೈಪಾಸ್_ಗ್ಯಾರೇಜ್ (ಶಿವಮೊಗ್ಗ)

ಮೇಡಂ, ಸೀಟು ಆರಿಸೋಕೆ ಮೊದಲು ಕಾರಲ್ಲಿ ಏನಿದೆ ನೋಡ್ಕೊಳ್ಳಿ. ಐದು ನಿಮಿಷದ ಕೆಲಸ.

ಹಿಂದಿನ ಸೀಟಿನ ಒರಗು ಮತ್ತೆ ಕೂರೋ ಜಾಗ ಸೇರೋ ಸಂದಿಗೆ ಬೆರಳು ತೂರಿಸಿ. ಐಸೊಫಿಕ್ಸ್ ಇದ್ರೆ 6 ಮಿ.ಮೀ. ದಪ್ಪದ ಕಬ್ಬಿಣದ ಸಣ್ಣ ಕಂಬಿ ಕೈಗೆ ತಾಗುತ್ತೆ. ಒಂದು ಸೀಟಿಗೆ ಎರಡು, ಮಧ್ಯ ಅಂತರ 28 ಸೆಂ.ಮೀ. ಎಡ ಬಲ ಎರಡೂ ಕಡೆ ನೋಡಿ. ನಡುವಿನ ಸೀಟಿಗೆ ಸಾಮಾನ್ಯವಾಗಿ ಇರಲ್ಲ. ಎಡಗಡೆ ಸೀಟಿನ ಒಂದು ಕಂಬಿ, ಬಲಗಡೆ ಸೀಟಿನ ಒಂದು ಕಂಬಿ ಸೇರಿಸಿ ನಡುವೆ ಕೂರಿಸೋಕೆ ಹೋಗಬೇಡಿ, ಅಂತರ ಸರಿಹೋಗಲ್ಲ.

ಆಮೇಲೆ ಮೂರನೇ ಹಿಡಿತ. ಎರಡು ಕಂಬಿ ಮಾತ್ರ ಆದ್ರೆ ಸೀಟು ಆ ಕಂಬಿ ಸುತ್ತ ಮಗುಚುತ್ತೆ. ಅದಕ್ಕೆ ಮೇಲಿನಿಂದ ಎಳೆದು ಕಟ್ಟೋ ಟಾಪ್ ಟೆಥರ್ ಪಟ್ಟಿನಾದ್ರೂ ಬೇಕು, ಕಾರಿನ ನೆಲಕ್ಕೆ ಊರೋ ಸಪೋರ್ಟ್ ಲೆಗ್ ಆದ್ರೂ ಬೇಕು. ಟೆಥರ್ ಕೊಕ್ಕೆ ಹಾಕೋ ಜಾಗ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನ ಸೀಟಿನ ಬೆನ್ನ ಹಿಂದೆ ಇರುತ್ತೆ, ಪಕ್ಕದಲ್ಲಿ ಲಂಗರಿನ ಚಿತ್ರ ಇರುತ್ತೆ. ಡಿಕ್ಕಿಯಲ್ಲಿ ಸಾಮಾನು ಕಟ್ಟೋ ಕೊಕ್ಕೆನೂ ನೋಡೋಕೆ ಹಾಗೇ ಇರುತ್ತೆ, ಅದಕ್ಕೆ ಹಾಕಿದ್ರೆ ಕಿತ್ಕೊಂಡು ಬರುತ್ತೆ. ಲಂಗರಿನ ಚಿತ್ರ ಇಲ್ಲಾಂದ್ರೆ ಅದು ಟೆಥರ್ ಜಾಗ ಅಲ್ಲ.

ಲೆಗ್ ಇರೋ ಸೀಟಾದ್ರೆ ಕಾಲಿಡೋ ಜಾಗದ ನೆಲ ತಟ್ಟಿ ನೋಡಿ. ಕೆಲವು ಕಾರಲ್ಲಿ ಅಲ್ಲಿ ಮುಚ್ಚಳ ಇರೋ ಪೆಟ್ಟಿಗೆ ಇರುತ್ತೆ. ಟೊಳ್ಳು ಮುಚ್ಚಳದ ಮೇಲೆ ಲೆಗ್ ಊರಿದ್ರೆ ಹೊಡೆತಕ್ಕೆ ಮುಚ್ಚಳ ಒಡೆದು ಲೆಗ್ ಒಳಗೆ ಹೋಗುತ್ತೆ.

ಸೀಟು ಕಂಪನಿ ವೆಬ್‌ಸೈಟಲ್ಲಿ ಯಾವ ಕಾರಿಗೆ ಕೂರುತ್ತೆ ಅನ್ನೋ ಪಟ್ಟಿ ಇದ್ರೆ ನಿಮ್ಮ ಕಾರಿನ ಮಾಡೆಲ್ಲು ವರ್ಷ ಸಮೇತ ಹುಡುಕಿ. ಕಾರಿನ ಮ್ಯಾನುಯಲ್ಲಲ್ಲೂ ಯಾವ ಸೀಟಿಗೆ ಯಾವ ಥರದ್ದು ಅನ್ನೋ ಕೋಷ್ಟಕ ಇರುತ್ತೆ.

ಹುಂಚದಕಟ್ಟೆ_ತೋಟ

ನಮ್ಮಲ್ಲಿ ಜೀಪು. ಹಿಂದೆ ಎದುರುಬದುರು ಕೂರೋ ಉದ್ದ ಸೀಟು. ಅದಕ್ಕೆ ಯಾವ ಸೀಟು ಆಗುತ್ತೆ?

ಬೈಪಾಸ್_ಗ್ಯಾರೇಜ್ (ಶಿವಮೊಗ್ಗ)

ಯಾವುದೂ ಆಗಲ್ಲ ಅಣ್ಣ. ಅಡ್ಡ ಕೂರೋ ಸೀಟಿಗೆ ಮಕ್ಕಳ ಸೀಟು ಕಟ್ಟೋ ಹಾಗಿಲ್ಲ. ನಡುಸಾಲಲ್ಲಿ ಮುಂದಕ್ಕೆ ಮುಖ ಇರೋ ಸೀಟು, ಮೂರು ಬಿಂದುವಿನ ಬೆಲ್ಟ್ ಇದ್ರೆ ಅಲ್ಲಿ ಬೆಲ್ಟಿನಿಂದ ಕಟ್ಟೋ ಸೀಟು ಹಾಕಬಹುದು. ಸೊಂಟಕ್ಕೆ ಮಾತ್ರ ಬರೋ ಎರಡು ಬಿಂದುವಿನ ಬೆಲ್ಟಾದ್ರೆ ಸೀಟಿನ ಮ್ಯಾನುಯಲ್ ಒಪ್ಪುತ್ತಾ ನೋಡಬೇಕು, ಹೆಚ್ಚಿನವು ಒಪ್ಪಲ್ಲ.

ಕುಶಾವತಿ_ದಡ (ತೀರ್ಥಹಳ್ಳಿ)

ಕಂಬಿ ಸಿಕ್ತು, ಎರಡೂ ಕಡೆ ಇದೆ. ಲಂಗರಿನ ಚಿತ್ರ ಎಲ್ಲೂ ಕಾಣಲಿಲ್ಲ. ನೆಲ ಗಟ್ಟಿ ಇದೆ, ಪೆಟ್ಟಿಗೆ ಇಲ್ಲ. ಅಮೆರಿಕದ ಸೀಟಿನ ಬಗ್ಗೆ ಯಾರೂ ಹೇಳಲಿಲ್ಲ.

ಎನ್‌ಎಚ್69

ಅಮೆರಿಕದ್ದು ಬೇಡ ಅಂತೀನಿ. ಸೀಟು ಕೆಟ್ಟದ್ದು ಅಂತಲ್ಲ, ಅದು ಎದುರುನೋಡೋ ಕಾರೇ ಬೇರೆ.

ಅಲ್ಲಿನ ಕಾರುಗಳ ಹಿಂದಿನ ಬೆಲ್ಟನ್ನು ಪೂರ್ತಿ ಎಳೆದು ಬಿಟ್ರೆ ಟಿಕ್ ಟಿಕ್ ಅಂತ ಒಳಗೆ ಹೋಗ್ತಾ ಬಿಗಿಯಾಗಿ ನಿಲ್ಲುತ್ತೆ, ಮತ್ತೆ ಹೊರಗೆ ಬರಲ್ಲ. ಅಲ್ಲಿನ ಸೀಟು ಬೆಲ್ಟಿನಿಂದ ಕಟ್ಟೋಕೆ ಅದನ್ನೇ ನಂಬಿರುತ್ತೆ. ನಮ್ಮ ಹೆಚ್ಚಿನ ಕಾರುಗಳ ಬೆಲ್ಟು ಜೋರಾಗಿ ಜಗ್ಗಿದಾಗ ಮಾತ್ರ ಹಿಡಿಯುತ್ತೆ, ನಿಧಾನಕ್ಕೆ ಎಳೆದ್ರೆ ಬರ್ತಾನೇ ಇರುತ್ತೆ. ಆ ಬೆಲ್ಟಲ್ಲಿ ಅಮೆರಿಕದ ಸೀಟು ಕಟ್ಟಿದ್ರೆ ತಿರುವು ತಿರುವಿಗೂ ಒಂಚೂರು ಸಡಿಲ ಆಗ್ತಾ ಹೋಗುತ್ತೆ. ಸೀಟಲ್ಲೇ ಬೆಲ್ಟ್ ಕಚ್ಚಿ ಹಿಡಿಯೋ ಕ್ಲಿಪ್ ಇದ್ರೆ ಮಾತ್ರ ನಿಲ್ಲುತ್ತೆ. ನಿಮ್ಮ ಕಾರಿನ ಬೆಲ್ಟು ಯಾವ ಥರದ್ದು ಅಂತ ಈಗಲೇ ಪೂರ್ತಿ ಎಳೆದು ನೋಡಿ.

ಎರಡನೇದು, ಮುಂದಕ್ಕೆ ತಿರುಗಿಸಿದಾಗ ಅಲ್ಲಿನ ಸೀಟುಗಳು ಟಾಪ್ ಟೆಥರ್ ಕೇಳುತ್ತವೆ. ನಿಮ್ಮ ಕಾರಲ್ಲಿ ಆ ಜಾಗವೇ ಇಲ್ಲ. ಮೂರನೇದು, ವಿಮಾನದ ಲಗೇಜಲ್ಲಿ ಪೆಟ್ಟಿಗೆ ಇಲ್ಲದೆ ಹಾಕಿದ ಸೀಟು ಎಲ್ಲೆಲ್ಲಿ ಬಿದ್ದಿರುತ್ತೆ ಗೊತ್ತಾಗಲ್ಲ. ಬಟ್ಟೆ ಕೆಳಗಿನ ಥರ್ಮಾಕೋಲಿನಂಥ ಫೋಮು ಸೀಳಿದ್ರೆ ಹೊರಗಿಂದ ಕಾಣಲ್ಲ.

ಇದೇ ಕಾರಣಕ್ಕೆ ಬಳಸಿದ ಸೀಟನ್ನೂ ಗೊತ್ತಿಲ್ಲದವರಿಂದ ತಗೋಬೇಡಿ. ಒಂದು ಸಲ ಅಪಘಾತದಲ್ಲಿ ಕೂತ ಸೀಟನ್ನು ಮತ್ತೆ ಬಳಸೋ ಹಾಗಿಲ್ಲ. ಅಕ್ಕ ತಂಗಿಯರ ಮನೆಯದ್ದಾದ್ರೆ, ಚಿಪ್ಪಿನ ಹಿಂದೆ ಪ್ಲಾಸ್ಟಿಕ್ಕಲ್ಲೇ ಅಚ್ಚಾದ ತಯಾರಿ ತಿಂಗಳು ವರ್ಷ ನೋಡಿ. ಎಷ್ಟು ವರ್ಷಕ್ಕೆ ಮುಗಿಯುತ್ತೆ ಅಂತ ಮ್ಯಾನುಯಲ್ಲಲ್ಲಿ ಇರುತ್ತೆ.

ಇಕ್ಕೇರಿ_ಮನೆ (ಸಾಗರ)

ಹಾಗಾದ್ರೆ ನಿಮಗೆ ಐಸೊಫಿಕ್ಸ್ ಜೊತೆ ಸಪೋರ್ಟ್ ಲೆಗ್ ಇರೋ ಆರ್129 ಸೀಟು, ಹಿಮ್ಮುಖ 105 ಸೆಂ.ಮೀ. ತನಕ. ಇದರಲ್ಲಿ 360 ಡಿಗ್ರಿ ತಿರುಗೋದೂ ಬರುತ್ತೆ. ಬಾಗಿಲ ಕಡೆಗೆ ತಿರುಗಿಸಿ ಮಗೂನ ಕೂರಿಸೋಕೆ, ಬೆನ್ನು ನೋವಿರೋರಿಗೆ ತುಂಬ ಅನುಕೂಲ. ಆದರೆ ಹೆಚ್ಚಿನವು ಹತ್ತು ಕೆಜಿಗಿಂತ ಮೇಲೆ ಭಾರ, ಕಾರಿಂದ ಕಾರಿಗೆ ಎತ್ತಿ ಹಾಕೋ ಸರಕಲ್ಲ. ಬಾಡಿಗೆ ಕಾರಲ್ಲಿ ಜಾಸ್ತಿ ಓಡಾಡೋರಿಗೆ ನಾಲ್ಕೈದು ಕೆಜಿಯ, ಬೆಲ್ಟಿನಿಂದ ಕಟ್ಟೋ ಸೀಟೇ ಸರಿ.

ಭಾರದ್ದು ಇನ್ನೊಂದು ಲೆಕ್ಕ ಇದೆ. ಐಸೊಫಿಕ್ಸ್ ಮೇಲೆ ಸೀಟು ಮತ್ತು ಮಗು ಸೇರಿ 33 ಕೆಜಿ ಮೀರಬಾರದು. ಸೀಟೇ 14 ಕೆಜಿ ಇದ್ರೆ ಮಗುವಿಗೆ ಉಳಿಯೋದು 19.

ದುಡ್ಡು ಕೊಡೋ ಮುಂಚೆ ಇದೊಂದು ಅಳತೆ ಮಾಡಿ. ಮಗೂನ ಗೋಡೆಗೆ ಬೆನ್ನು ತಾಗಿಸಿ ನೆಲದ ಮೇಲೆ ಕೂರಿಸಿ. ತಲೆ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಅಡ್ಡ ಇಟ್ಟು ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೀರಿ. ಭುಜದ ಮೇಲ್ಭಾಗಕ್ಕೂ ಇನ್ನೊಂದು ಗೆರೆ. ನೆಲದಿಂದ ಎರಡೂ ಗೆರೆಗೆ ಟೇಪ್ ಹಿಡೀರಿ. ನಿಂತ ಎತ್ತರ ಒಂದೇ ಇದ್ರೂ ಕೆಲವು ಮಕ್ಕಳಿಗೆ ಮುಂಡ ಉದ್ದ, ಕೆಲವರಿಗೆ ಕಾಲು ಉದ್ದ. ಸೀಟು ಬೇಗ ಚಿಕ್ಕದಾಗೋದು ಮುಂಡ ಉದ್ದ ಇರೋ ಮಕ್ಕಳಿಗೆ. ಸೀಟಿನಲ್ಲಿ ಕೂರೋ ಜಾಗದಿಂದ ಪಟ್ಟಿ ಹೊರಬರೋ ತೀರಾ ಮೇಲಿನ ಜಾಗಕ್ಕೆ ಎಷ್ಟಿದೆ ಅಂತ ಅಳೆದು, ಭುಜದ ಅಳತೆ ಕಳೆದರೆ ಇನ್ನೆಷ್ಟು ಬೆಳೆಯೋಕೆ ಜಾಗ ಇದೆ ಅನ್ನೋದು ಗೊತ್ತಾಗುತ್ತೆ.

ಹಿಮ್ಮುಖ ಕೂತಾಗ ಪಟ್ಟಿ ಹೊರಬರಬೇಕಾದ್ದು ಭುಜಕ್ಕೆ ಸಮ ಅಥವಾ ಸ್ವಲ್ಪ ಕೆಳಗೆ. ಮುಂದಕ್ಕೆ ತಿರುಗಿಸಿದ ಮೇಲೆ ಭುಜಕ್ಕೆ ಸಮ ಅಥವಾ ಸ್ವಲ್ಪ ಮೇಲೆ. ಇದು ಉಲ್ಟಾ ಆದ್ರೆ ಪಟ್ಟಿ ಇದ್ದೂ ಹಿಡಿತ ಇಲ್ಲ.

ಮಕ್ಕಳ_ವಾರ್ಡ್ (ಶಿವಮೊಗ್ಗ)

ಅತ್ತೆಯವರಿಗೆ ಹೇಳುವ ಲೆಕ್ಕ: ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದು ಅರ್ಧ ಮೀಟರಿನಲ್ಲಿ ನಿಂತರೆ, ಒಳಗಿರುವ ಪ್ರತಿಯೊಂದೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ಹೋಗುತ್ತದೆ. 12 ಕೆಜಿ ಮಗು ಆ ಕ್ಷಣಕ್ಕೆ 240 ಕೆಜಿ. 50 ಕೆಜಿಯ ಅಕ್ಕಿ ಮೂಟೆ ಹತ್ತಿರ ಹತ್ತಿರ ಐದು. ಅದನ್ನು ಎರಡು ತೋಳಿನಲ್ಲಿ ಹಿಡಿದಿಡುವುದು ಯಾರಿಂದಲೂ ಆಗದು, ಪ್ರೀತಿ ಕಡಿಮೆ ಎಂದಲ್ಲ. ಮಡಿಲಲ್ಲಿ ಕೂರಿಸಿ ಒಂದೇ ಬೆಲ್ಟನ್ನು ಇಬ್ಬರಿಗೂ ಸುತ್ತಿದರೆ ಇನ್ನೂ ಅಪಾಯ: ದೊಡ್ಡವರ ಭಾರವೆಲ್ಲ ಮಗುವಿನ ಹೊಟ್ಟೆಯ ಮೇಲೆ ಬರುತ್ತದೆ.

ಅಜ್ಜಿಯಂದಿರು ಕೇಳುವುದು ಮಗುವಿನ ಹತ್ತಿರ ಇರಬೇಕು ಎಂಬ ಕಾರಣಕ್ಕೆ. ಸೀಟಿನ ಪಕ್ಕದ ಜಾಗ ಅವರಿಗೇ ಕೊಡಿ. ಹಿಮ್ಮುಖ ಸೀಟಿನಲ್ಲಿರುವ ಮಗುವಿಗೆ ಪಕ್ಕದಲ್ಲಿ ಕೂತವರ ಮುಖ ಚೆನ್ನಾಗಿ ಕಾಣುತ್ತದೆ.

ಕಾನೂನೂ ಇದೆ. 2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ.

ಬೈಪಾಸ್_ಗ್ಯಾರೇಜ್ (ಶಿವಮೊಗ್ಗ)

ಈಗ ಕೂರಿಸೋದು. ಮಲೆನಾಡಲ್ಲಿ ಎಲ್ಲರೂ ತಪ್ಪೋ ಒಂದು ವಿಷಯ ಮೊದಲು ಹೇಳ್ತೀನಿ.

ಹಿಮ್ಮುಖ ಸೀಟಿನ ಪಕ್ಕದಲ್ಲಿ ಓರೆ ನೋಡೋಕೆ ಒಂದು ಗೆರೆಯೋ, ಗುಳ್ಳೆ ಇರೋ ಮಟ್ಟದ ಕೊಳವೆಯೋ ಇದ್ರೆ ಅದು ಸಮ ನೆಲದ ಮೇಲೆ ಕಾರು ನಿಂತಾಗ ಮಾತ್ರ ನಿಜ ಹೇಳುತ್ತೆ. ನಮ್ಮ ಕಡೆ ಮನೆ ಅಂಗಳ ರಸ್ತೆಯಿಂದ ಇಳಿಜಾರು. ಅಲ್ಲೇ ಕಾರು ನಿಲ್ಲಿಸಿ ಗುಳ್ಳೆ ನಡುವಿಗೆ ತಂದ್ರೆ, ಸಮ ರಸ್ತೆಗೆ ಬಂದಾಗ ಸೀಟು ತಪ್ಪು ಓರೆಯಲ್ಲಿರುತ್ತೆ. 100 ಅಡಿಗೆ 10 ಅಡಿ ಇಳಿಯೋ ಅಂಗಳ ಅಂದ್ರೆ ಸುಮಾರು 6 ಡಿಗ್ರಿ ವ್ಯತ್ಯಾಸ. ಪೆಟ್ರೋಲ್ ಬಂಕಿನ ಕಾಂಕ್ರೀಟ್ ನೆಲ, ಕಲ್ಯಾಣಮಂಟಪದ ಮುಂದಿನ ಜಾಗ, ಅಂಥ ಕಡೆ ನಿಲ್ಲಿಸಿ ಮಾಡಿ.

ಮುಂದಿನ ಕೆಲಸ: ಹಿಂದಿನ ಎಡಗಡೆ ಸೀಟು ಆರಿಸಿ. ನಮ್ಮಲ್ಲಿ ಅದು ರಸ್ತೆ ಅಂಚಿನ ಕಡೆ, ಮಗೂನ ಇಳಿಸುವಾಗ ವಾಹನ ಹೋಗೋ ಕಡೆ ನಿಲ್ಲಬೇಕಾಗಿಲ್ಲ. ಮುಂದಿನ ಎಡ ಸೀಟನ್ನು ಮುಂದಕ್ಕೆ ಸರಿಸಿ. ಐಸೊಫಿಕ್ಸ್ ತೋಳು ಎರಡನ್ನೂ ಪೂರ್ತಿ ಹೊರಗೆಳೆದು ಕಂಬಿಗೆ ಒತ್ತಿ. ಎರಡು ಸಲ ಟಕ್ ಅಂತ ಕೇಳಬೇಕು, ಎರಡೂ ಕಡೆ ಕೆಂಪು ಹೋಗಿ ಹಸಿರು ಬರಬೇಕು. ಹಸಿರು ಕಂಡ್ರೂ ಒಂದೊಂದು ಕಡೆ ಹಿಡಿದು ಜಗ್ಗಿ. ಸೀಟ್ ಕವರ್ ಹೊಲಿಸಿದ ಕಾರುಗಳಲ್ಲಿ ಕವರಿನ ಬಟ್ಟೆ ಕಂಬಿಗೆ ಸುತ್ಕೊಂಡು ಒಂದು ಕಡೆ ಅರ್ಧ ಮಾತ್ರ ಕಚ್ಚಿರುತ್ತೆ, ಇದು ಬಹಳ ಕಾಮನ್. ಅಲ್ಲಿ ಕವರನ್ನು ಸರಿಸಿ ಕಂಬಿ ಬರಿದಾಗಿ ಕಾಣೋ ಹಾಗೆ ಮಾಡ್ಕೊಳ್ಳಿ. ಆಮೇಲೆ ಸೀಟನ್ನು ಕಾರಿನ ಒರಗಿಗೆ ಬಿಗಿಯಾಗಿ ತಳ್ಳಿ. ಕೊನೆಗೆ ಲೆಗ್ ಇಳಿಸಿ, ನೆಲಕ್ಕೆ ಗಟ್ಟಿ ಊರಬೇಕು. ಉದ್ದ ಜಾಸ್ತಿ ಮಾಡಿ ಸೀಟಿನ ತಳ ಮೇಲಕ್ಕೆದ್ರೂ ತಪ್ಪು.

ಬೆಲ್ಟಿಂದ ಕಟ್ಟೋರಿಗೆ: ಹಿಮ್ಮುಖಕ್ಕೆ ನೀಲಿ ಗುರುತಿನ ದಾರಿ, ಮುಂದಕ್ಕಾದ್ರೆ ಕೆಂಪು. ಬೆಲ್ಟ್ ಎಲ್ಲೂ ತಿರುಚಿರಬಾರದು. ಮೊಣಕಾಲು ಸೀಟಿನ ಮೇಲೆ ಊರಿ ಭಾರ ಹಾಕಿ, ಅದೇ ಹೊತ್ತಿಗೆ ಸೊಂಟದ ಬೆಲ್ಟ್ ಮೊದಲು, ಆಮೇಲೆ ಭುಜದ ಬೆಲ್ಟ್ ಎಳೀರಿ. ಬೆಲ್ಟ್ ಹಾದುಹೋಗೋ ಜಾಗದಲ್ಲಿ ಸೀಟು ಹಿಡಿದು ಅಲ್ಲಾಡಿಸಿದ್ರೆ 2.5 ಸೆಂ.ಮೀ.ಗಿಂತ ಕಡಿಮೆ ಅಲ್ಲಾಡಬೇಕು. ಸೀಟಿನ ತುದಿ ಹಿಡಿದು ನೋಡಬೇಡಿ, ಅದು ಹೇಗಿದ್ರೂ ಅಲ್ಲಾಡುತ್ತೆ. ಕಾರಿನ ಬಕಲ್‌ನ ಕಾಂಡ ಉದ್ದ ಇದ್ದು ಬಕಲ್ಲೇ ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಬಗ್ಗಿ ಕೂತ್ರೆ ಆ ಕಾರಿಗೆ ಆ ಸೀಟು ಆಗಲ್ಲ, ಹೊಡೆತಕ್ಕೆ ಬಕಲ್ ಒಡೆಯುತ್ತೆ.

ಮುಂದಿನ ಸೀಟಲ್ಲಿ, ಏರ್‌ಬ್ಯಾಗ್ ಚಾಲೂ ಇರೋವಾಗ ಹಿಮ್ಮುಖ ಸೀಟು ಯಾವತ್ತೂ ಬೇಡ. ಬ್ಯಾಗು ಸೀಟಿನ ಬೆನ್ನಿಗೇ ಬಡಿಯುತ್ತೆ, ಅಲ್ಲೇ ಮಗುವಿನ ತಲೆ ಇರೋದು.

ಕುಶಾವತಿ_ದಡ (ತೀರ್ಥಹಳ್ಳಿ)

ಘಾಟಿ ಇಳಿಯುವಾಗ ಹಿಮ್ಮುಖ ಕೂತ ಮಗು ತಲೆಕೆಳಗಾದ ಹಾಗಾಗಲ್ವಾ? ವಾಂತಿ ಜಾಸ್ತಿ ಆಗುತ್ತೆ ಅಂತಲೂ ಹೇಳ್ತಾರೆ.

ಎನ್‌ಎಚ್69

ಇಳಿಯುವಾಗ ಕಾರಿನ ಮೂತಿ ಕೆಳಗೆ. ಹಿಮ್ಮುಖ ಕೂತ ಮಗು ಕೆಲವು ಡಿಗ್ರಿ ಜಾಸ್ತಿ ಒರಗುತ್ತೆ ಅಷ್ಟೆ. ಬ್ರೇಕ್ ಹಾಕಿದಾಗ ಬೆನ್ನು ಸೀಟಿಗೆ ಒತ್ತುತ್ತೆ. ಮುಂದಕ್ಕೆ ಮುಖ ಇದ್ರೆ ಇಳಿಯುವಾಗ ಸೀಟು ನೆಟ್ಟಗಾಗಿ, ನಿದ್ದೆ ಮಾಡ್ತಿರೋ ಮಗುವಿನ ತಲೆ ಎದೆ ಮೇಲೆ ಜೋತು ಬೀಳುತ್ತೆ, ಪ್ರತಿ ಬ್ರೇಕಿಗೂ ಮೈ ಪಟ್ಟಿಗೆ ಬೀಳುತ್ತೆ. ಆಗುಂಬೆಯ 14 ತಿರುವಿಗೂ ಹಾಗೇ. ಹತ್ತುವಾಗ ಲೆಕ್ಕ ತಿರುಗುಮುರುಗು, ಹಿಮ್ಮುಖ ಸೀಟು ಸ್ವಲ್ಪ ನೆಟ್ಟಗಾಗುತ್ತೆ. ಎರಡು ವರ್ಷದ ಮಗುವಿಗೆ ಕತ್ತು ನಿಂತಿರೋದ್ರಿಂದ ಅದು ತೊಂದರೆ ಅಲ್ಲ. ತಲೆ ಮುಂದೆ ಬೀಳ್ತಿದೆ ಅನ್ನಿಸಿದ್ರೆ ಸೀಟಿನ ಒರಗನ್ನ ಒಂದು ಮೆಟ್ಟಿಲು ಹಿಂದಕ್ಕೆ ಹಾಕಿ. ಹಣೆಗೆ ಕಟ್ಟೋ ಪಟ್ಟಿ ಆನ್‌ಲೈನಲ್ಲಿ ಮಾರ್ತಾರೆ, ಅದು ಕತ್ತಿಗೆ ಜಾರುತ್ತೆ. ತಗೋಬೇಡಿ.

ಮಕ್ಕಳ_ವಾರ್ಡ್ (ಶಿವಮೊಗ್ಗ)

ಪ್ರಯಾಣದ ವಾಂತಿ ಎರಡು ವರ್ಷದೊಳಗೆ ಕಡಿಮೆ, ಆಮೇಲೆ ಹೆಚ್ಚುತ್ತದೆ. ಹೊರಡುವ ಮುಂಚೆ ಹೊಟ್ಟೆ ತುಂಬ ಹಾಲು ಕುಡಿಸಬೇಡಿ, ಪೂರ್ತಿ ಖಾಲಿಯೂ ಬೇಡ. ಒಂದು ಇಡ್ಲಿ, ಅರ್ಧ ಬಾಳೆಹಣ್ಣು ಸಾಕು. ಕೈಗೆ ಮೊಬೈಲ್ ಕೊಡಬೇಡಿ. ಕಿಟಕಿ ಒಂದಿಂಚು ಇಳಿಸಿ. ಘಾಟಿ ಶುರುವಾಗುವ ಮುಂಚೆ ಆಗುಂಬೆ ಪೇಟೆಯಲ್ಲಿ ಹತ್ತು ನಿಮಿಷ ನಿಂತು ಮಗುವನ್ನು ಕೆಳಗಿಳಿಸಿ ಓಡಾಡಿಸಿ. ಔಷಧಿಯನ್ನು ವೈದ್ಯರನ್ನು ಕೇಳದೆ, ತೂಕ ನೋಡದೆ ಕೊಡಬೇಡಿ. ಸೀಟಿನಲ್ಲಿ ಕೂತಾಗ ಕಡಲೆಬೀಜ, ಚಕ್ಕುಲಿ, ದ್ರಾಕ್ಷಿ ಬೇಡ. ಗಂಟಲಿಗೆ ಸಿಕ್ಕರೆ ತಿರುವಿನಲ್ಲಿ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ.

ಇಕ್ಕೇರಿ_ಮನೆ (ಸಾಗರ)

ಮಳೆಗಾಲಕ್ಕೆ, ಚಳಿಗಾಲಕ್ಕೆ ಮುಖ್ಯವಾದ್ದು: ದಪ್ಪ ಸ್ವೆಟರು, ಜರ್ಕಿನ್, ರೇನ್‌ಕೋಟ್ ಹಾಕಿ ಪಟ್ಟಿ ಕಟ್ಟಬೇಡಿ. ಬಿಗಿಯಾಗಿದೆ ಅನ್ನಿಸುತ್ತೆ, ಹೊಡೆತಕ್ಕೆ ಬಟ್ಟೆಯೊಳಗಿನ ಗಾಳಿ ಚಪ್ಪಟೆಯಾಗಿ ಪಟ್ಟಿ ನಾಲ್ಕು ಬೆರಳು ಸಡಿಲ ಬೀಳುತ್ತೆ. ನಂಬಿಕೆ ಬರದಿದ್ರೆ ಜರ್ಕಿನ್ ಹಾಕಿ ಬಿಗಿ ಮಾಡಿ, ಪಟ್ಟಿ ಹಾಗೇ ಬಿಟ್ಟು ಬಕಲ್ ತೆಗೆದು, ಜರ್ಕಿನ್ ಬಿಚ್ಚಿ ಮತ್ತೆ ಹಾಕಿ ನೋಡಿ. ತೆಳು ಹತ್ತಿ ಅಂಗಿಯಲ್ಲಿ ಕಟ್ಟಿ, ಪಟ್ಟಿಯ ಮೇಲೆ ಕಂಬಳಿ ಹೊದೆಸಿ.

ಬಿಗಿ ಎಷ್ಟು ಅಂದ್ರೆ, ಭುಜದ ಹತ್ತಿರ ಪಟ್ಟಿಯನ್ನು ಉದ್ದಕ್ಕೆ ಎರಡು ಬೆರಳಲ್ಲಿ ಚಿವುಟಿ. ಮಡಿಕೆ ಬೆರಳಿಗೆ ಸಿಕ್ರೆ ಇನ್ನೂ ಸಡಿಲ. ಬೆರಳು ಜಾರಿದ್ರೆ ಸರಿ. ಮೊದಲು ಸೊಂಟದ ಹತ್ತಿರದ ಸಡಿಲವನ್ನ ಮೇಲಕ್ಕೆ ಎಳೆದುಕೊಂಡು ಆಮೇಲೆ ಮುಂದೆ ಜೋತಿರೋ ಪಟ್ಟಿಯ ಬಾಲ ಎಳೀರಿ. ನೇರ ಬಾಲ ಮಾತ್ರ ಎಳೆದ್ರೆ ಮೇಲೆ ಬಿಗಿ, ತೊಡೆ ಹತ್ತಿರ ಸಡಿಲ ಉಳಿಯುತ್ತೆ. ಕೈ ಹೊರಗೆ ತೆಗೆದುಕೊಳ್ಳೋ ಮಕ್ಕಳ ವಿಷಯದಲ್ಲಿ ಹೆಚ್ಚಾಗಿ ಕಾರಣ ಇದೇ.

ಸೀಟು ಹೊಸದಾಗಿ ತಂದಾಗ ಎರಡು ಮೂರು ದಿನ ಜಗಲಿಯಲ್ಲಿ ಇಟ್ಟು ಅದರಲ್ಲೇ ಕೂರಿಸಿ ಕಥೆ ಹೇಳಿ. ಅದು ತನ್ನದು ಅಂತ ಮಗುವಿಗೆ ಅನ್ನಿಸಿದ್ರೆ ಕಾರಲ್ಲಿ ರಂಪ ಕಡಿಮೆ.

ಹುಂಚದಕಟ್ಟೆ_ತೋಟ

ಬೂಷ್ಟಿನ ವಿಷಯ ಯಾರಾದ್ರೂ ಹೇಳಿ ಮಾರಾಯ್ರೆ. ಜುಲೈ ಬಂತಂದ್ರೆ ಕಾರಿನೊಳಗಿನ ಬೆಲ್ಟಿಗೂ ಬಿಳಿ ಹಿಡಿಯುತ್ತೆ.

ಇಕ್ಕೇರಿ_ಮನೆ (ಸಾಗರ)

ಕವರನ್ನು ಬಿಚ್ಚಿ ಲೇಬಲ್‌ನಲ್ಲಿ ಹೇಳಿದ ಬಿಸಿಯಲ್ಲಿ ತೊಳೀಬಹುದು. ಪಟ್ಟಿಯನ್ನು ಮಾತ್ರ ಬಕೆಟಿಗೆ ಹಾಕೋ ಹಾಗಿಲ್ಲ, ಮಷಿನ್ನಿಗೆ ಹಾಕೋ ಹಾಗಿಲ್ಲ, ಬ್ಲೀಚು, ವಿನೆಗರ್ ಏನೂ ತಾಗಿಸಬಾರದು. ನೂಲಿನ ಬಲ ಹೋಗುತ್ತೆ. ಮೃದು ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ಬರೀ ನೀರಿನ ಬಟ್ಟೆಯಲ್ಲಿ ಇನ್ನೊಂದು ಸಲ ಒರೆಸಿ, ಫ್ಯಾನ್ ಗಾಳಿಗೆ ಬಿಡಿ. ಬಚ್ಚಲ ಒಲೆ ಮೇಲೆ, ಅಡಿಕೆ ಒಣಗಿಸೋ ತಟ್ಟಿ ಹತ್ತಿರ ಕಾಯಿಸಬೇಡಿ. ಒರೆಸಿದ ಮೇಲೂ ಬೂಷ್ಟಿನ ಕಲೆ ನೂಲಿನೊಳಗೆ ಇಳಿದಿದ್ರೆ, ನೂಲು ಒರಟಾಗಿ ಎದ್ದಿದ್ರೆ, ಕಂಪನಿಯಿಂದ ಆ ಮಾಡೆಲ್ಲಿನ ಪಟ್ಟಿಯನ್ನೇ ತರಿಸಿ ಹಾಕಿ. ಟೈಲರ್ ಹತ್ರ ಹೊಲಿಸೋದು ಬೇಡವೇ ಬೇಡ.

ಬಕಲ್ ಟಕ್ ಅನ್ನದೆ ಮೆತ್ತಗೆ ಕೂತ್ರೆ ಒಳಗೆ ಮಂಡಕ್ಕಿ, ಬಿಸ್ಕತ್ತಿನ ಪುಡಿ ಸೇರಿದೆ ಅಂತ ಅರ್ಥ. ಕೆಳಗಿಂದ ಬಕಲ್ ಬಿಚ್ಚಿ, ಒಂದು ಲೋಟ ಬೆಚ್ಚಗಿನ ನೀರಲ್ಲಿ ಬಕಲ್ ಮಾತ್ರ ಅದ್ದಿ, ಪಟ್ಟಿ ನೆನೆಸದೆ, ಕೆಂಪು ಗುಂಡಿ ಒತ್ತಿ ಒತ್ತಿ ಬಿಡಿ. ಪುಡಿ ಹೊರಬರುತ್ತೆ. ಎಣ್ಣೆ ಹಾಕಬೇಡಿ, ಧೂಳು ಅಂಟಿ ಇನ್ನೂ ಕೆಡುತ್ತೆ.

ಸೀಟನ್ನು ಅಟ್ಟದ ಮೇಲೆ ಎತ್ತಿಡೋರು ಮತ್ತೆ ಇಳಿಸಿದಾಗ ಬಟ್ಟೆ ಬಿಚ್ಚಿ ಫೋಮು ನೋಡಿ. ಇಲಿ ಕಡಿದಿರುತ್ತೆ.

ಕುಶಾವತಿ_ದಡ (ತೀರ್ಥಹಳ್ಳಿ)

ಅಕ್ಕ, ಅಳತೆ ಮಾಡಿದೆ. ಕೂತಾಗ ಭುಜ 31 ಸೆಂ.ಮೀ. ನೋಡ್ತಿರೋ ಸೀಟಿನ ಮೇಲಿನ ಪಟ್ಟಿ ಜಾಗ 43 ಅಂತ ಅಂಗಡಿಯವರು ಟೇಪ್ ಹಿಡಿದು ಹೇಳಿದ್ರು. ಆರ್129, ಹಿಮ್ಮುಖ 61–105, ಲೆಗ್ ಇದೆ, ಸೀಟು 13 ಕೆಜಿ. ಕಾರಿನ ಮಾಡೆಲ್ ಅವರ ಪಟ್ಟಿಯಲ್ಲಿದೆ. ನಾಲ್ಕು ವರ್ಷದ ಮೇಲೆ ಏನು?

ಇಕ್ಕೇರಿ_ಮನೆ (ಸಾಗರ)

12 ಸೆಂ.ಮೀ. ಜಾಗ ಇದೆ, ಧಾರಾಳ ಆಯ್ತು. ತಗೊಳ್ಳಿ. ಆಮೇಲೆ ಬೆನ್ನು ಇರೋ ಬೂಸ್ಟರ್ (ಕಾರಿನ ಬೆಲ್ಟೇ ಮೈಗೆ ಸರಿಯಾಗಿ ಬರೋ ಹಾಗೆ ಮಗೂನ ಎತ್ತರಿಸೋ ಸೀಟು), 100 ಸೆಂ.ಮೀ. ದಾಟಿದ ಮೇಲೆ, ಮಗು ಪ್ರಯಾಣ ಪೂರ್ತಿ ನೆಟ್ಟಗೆ ಕೂರೋಕೆ ಕಲಿತ ಮೇಲೆ. ಆರ್129ರಲ್ಲಿ ಬೆನ್ನಿಲ್ಲದ ಬರೀ ಮಣೆ ಥರದ್ದು 125 ಸೆಂ.ಮೀ. ಆದ ಮೇಲೇ. ಅದರ ಬಗ್ಗೆ ಈಗ ದುಡ್ಡು ಹಾಕಬೇಡಿ.

ಬೈಪಾಸ್_ಗ್ಯಾರೇಜ್ (ಶಿವಮೊಗ್ಗ)

ಮೇಡಂ, ಕೂರಿಸಿದ ಮೇಲೆ ಹಿಂದಿನ ಪಾರ್ಸೆಲ್ ಟ್ರೇ ಮೇಲೆ ಕೊಡೆ, ಸ್ಟೀಲ್ ಡಬ್ಬಿ ಏನೂ ಇಡಬೇಡಿ, ಹಿಮ್ಮುಖ ಕೂತ ಮಗುವಿನ ಮುಖ ಆ ಕಡೆಗೇ ಇರುತ್ತೆ. ಮತ್ತೆ ಸರ್ವಿಸ್‌ಗೆ ಬಿಟ್ಟಾಗ, ಕಾರ್ ತೊಳೆಸಿದಾಗ ನೆಲದ ಮ್ಯಾಟ್ ಎಳೆಯೋಕೆ ಹುಡುಗರು ಲೆಗ್ ಎತ್ತಿರ್ತಾರೆ, ವಾಪಸ್ ಸರಿ ಊರಿರಲ್ಲ. ಕಾರು ತಗೊಳ್ಳುವಾಗ ಐಸೊಫಿಕ್ಸಿನ ಎರಡು ಹಸಿರು, ಲೆಗ್ಗಿನ ಒಂದು ಹಸಿರು ನೋಡಿಯೇ ಹೊರಡಿ.